ಎಡಗೈ ವಿಷಯ, ಅಮ್ಮಂಗೆ ನಿಧಾನಕ್ಕೆ ಹೇಳು

ಆಕ್ಲೆಂಡ್, ಆಗಸ್ಟ್ ಕೊನೆ ವಾರ

ಪ್ರೀತಿಯ ಅಣ್ಣಂಗೆ,

ಇದನ್ನ ಮೊದಲು ನೀನೊಬ್ಬನೇ ಓದು, ಆಮೇಲೆ ಅಮ್ಮಂಗೆ ಹೇಳು. ನಾನು ಚೆನ್ನಾಗಿದೀನಿ, ಅದು ಮೊದಲು ತಲೇಲಿರಲಿ. ಎರಡು ತಿಂಗಳಿಂದ ನೆಟ್ ಸರಿ ಇಲ್ಲ, ವಿಡಿಯೋ ಕಾಲ್ ಬೇಡ ಅಂತಿದ್ನಲ್ಲ, ನೆಟ್ ಸರಿಯಾಗೇ ಇತ್ತು ಅಣ್ಣ. ನನ್ನ ಎಡಗೈಗೆ ಆಪರೇಷನ್ ಆಗಿದೆ. ಅಮ್ಮನ ಮುಖ ನೋಡ್ಕೊಂಡು ಹೇಳಕ್ಕೆ ಧೈರ್ಯ ಸಾಲಲಿಲ್ಲ, ಸುಳ್ಳು ಹೇಳಿದ್ದು ತಪ್ಪು.

ಜೂನ್‌ನಲ್ಲಿ ಒಂದು ಶುಕ್ರವಾರ ರಾತ್ರಿ ಆಗಿದ್ದು. ಮಾರನೇ ದಿನ ಓಟಾರಾ ಸಂತೆ, ಶನಿವಾರ ಬೆಳಗ್ಗೆ, ನಮ್ಮ ದೋಸೆ ಸ್ಟಾಲಿನ ವಾರದ ದುಡಿಮೇಲಿ ಅರ್ಧ ಆ ಒಂದೇ ಬೆಳಗ್ಗೆ ಬರೋದು. ಇಲ್ಲಿ ಆಗ ಚಳಿಗಾಲ, ದೋಸೆ ಹಿಟ್ಟು ಹೊರಗಿಟ್ರೆ ಉಬ್ಬಲ್ಲ, ಅದಕ್ಕೆ ಬಿಸಿನೀರಿನ ಸಿಲಿಂಡರ್ ಇರೋ ಕಪಾಟಲ್ಲಿ ಪಾತ್ರೆ ಜೋಡಿಸಿ ಬಾಗಿಲು ಹಾಕಿ, ಚಟ್ನಿಗೆ ಕಾಯಿ ಒಡ್ಕೊಂಡು ಚಿಪ್ಪಿಂದ ಚಾಕುವಿನಲ್ಲಿ ಎಬ್ಬಿಸ್ತಾ ಕೂತಿದ್ದೆ. ಬೆಳಗ್ಗೆ ನಾಲ್ಕಕ್ಕೆ ಏಳಬೇಕು ಅನ್ನೋ ಅವಸರ. ಚಿಪ್ಪನ್ನ ನೆಲಕ್ಕಿಡದೆ ಅಂಗೈಯಲ್ಲೇ ಹಿಡ್ಕೊಂಡು ಒತ್ತಿದೆ, ಕಾಯಿ ಫಟ್ ಅಂತ ಬಿಟ್ಕೊಳ್ತು, ಚಾಕು ಅಂಗೈಗೆ ಇಳೀತು. ಅಪ್ಪ ಇದ್ದಿದ್ರೆ ಮೊದಲೇ ಗದರಿಸಿರೋರು. ನೋವು ಅಷ್ಟೇನೂ ಗೊತ್ತಾಗಲಿಲ್ಲ ಅಣ್ಣ, ಟವೆಲ್ ಸುತ್ತಿದೆ, ಆಮೇಲೆ ಬೆರಳು ಮಡಿಸಕ್ಕೆ ಹೋಗ್ತೀನಿ, ಉಂಗುರದ ಬೆರಳು ಕಿರುಬೆರಳು ಎರಡೂ ನೆಟ್ಟಗೆ ನಿಂತಿವೆ, ಏನ್ ಮಾಡಿದ್ರೂ ಬಗ್ಗಲ್ಲ. ಆಗ ಕೈಕಾಲು ತಣ್ಣಗಾಗೋಯ್ತು.

ಬೆರಳು ಮಡಿಸೋ ಟೆಂಡನ್ ಕಟ್ ಆಗಿತ್ತು, ಸ್ನಾಯುನ ಮೂಳೆಗೆ ಕಟ್ಟಿರೋ ಹಗ್ಗದಂಥದ್ದು, ನಮ್ಮ ಕಡೆ ಸುಮ್ನೆ ನರ ಅಂದ್ಬಿಡ್ತೀವಲ್ಲ ಅದು. ಕಟ್ ಆದ ತುದಿ ಪೈಜಾಮದ ಲಾಡಿ ಒಳಗೆ ಸರ್ಕೊಂಡಂಗೆ ಮೇಲಕ್ಕೆ ಹೋಗ್ಬಿಡುತ್ತಂತೆ, ಅದನ್ನ ಹುಡುಕಿ ಎಳ್ದು ಹೊಲೀಬೇಕು. ಮಾರನೇ ದಿನ ಹೊಲಿದ್ರು. ಅದಾಗಿ ನಾಲ್ಕನೇ ದಿನ ಹ್ಯಾಂಡ್ ಥೆರಪಿ ಹೆಣ್ಣುಮಗಳು ಒಂದು ಪ್ಲಾಸ್ಟಿಕ್ ಹಾಳೇನ ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಅಕ್ಕಿ ರೊಟ್ಟಿ ಥರ ನನ್ನ ಮುಂಗೈ ಮೇಲೆ ಹಾಸಿ, ಬೆರಳಿಂದ ಒತ್ತಿ ಒತ್ತಿ ಆಕಾರ ಕೊಟ್ಟಳು, ಸ್ವಲ್ಪ ಹೊತ್ತಲ್ಲೇ ಗಟ್ಟಿ ಆಯ್ತು. ಅದೇ ಸ್ಪ್ಲಿಂಟ್, ಆರು ವಾರ ಹಗಲೂ ರಾತ್ರಿ. ಗಂಟೆಗೊಂದು ಸಲ ಅದರೊಳಗೇ ಬೆರಳನ್ನ ಚೂರು ಚೂರೇ ಆಡಿಸ್ಬೇಕು, ಆಡಿಸದಿದ್ರೆ ಅಂಟ್ಕೊಂಡು ಬಿಡುತ್ತೆ, ಜೋರು ಮಾಡಿದ್ರೆ ಹೊಲಿಗೆ ಕಿತ್ತೋಗುತ್ತೆ.

ದುಡ್ಡಿನ ವಿಷಯ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀನು ಕೊಬ್ಬರಿ ಮಾರಿ ಕಳಿಸ್ತೀನಿ ಅಂತ ಹೊರಡೋನು. ಈ ನ್ಯೂಜಿಲೆಂಡಲ್ಲಿ ಎಸಿಸಿ ಅಂತ ಸರ್ಕಾರದ ಅಪಘಾತ ವಿಮೆ ಇದೆ, 1974ರಿಂದ, ಯಾರದ್ದು ತಪ್ಪು ಅಂತ ಕೇಳಲ್ಲ, ಪೆಟ್ಟಾದ್ರೆ ಚಿಕಿತ್ಸೆ ನೋಡ್ಕೊಳ್ತಾರೆ, ಪ್ರವಾಸಕ್ಕೆ ಬಂದೋರಿಗೂ. ಆಪರೇಷನ್‌ಗೆ ನಾನು ಒಂದು ಡಾಲರೂ ಕೊಟ್ಟಿಲ್ಲ. ಕೆಲಸಕ್ಕೆ ಹೋಗಕ್ಕಾಗದೆ ಇದ್ರೆ ಆದಾಯದ 80% ವಾರವಾರ ಕೊಡ್ತಾರೆ, ಮೊದಲನೇ ವಾರ ಬಿಟ್ಟು. ಪ್ರತಿ ವರ್ಷ ಅದಕ್ಕೆ ಕಟ್ಟಬೇಕಾದ ದುಡ್ಡಿಂದು, ಲೆವಿ ಅಂತಾರೆ, ಬಿಲ್ ಬಂದಾಗ ನಾನು ಗೊಣಗ್ತಿದ್ದೆ, ಈಗ ಅದೇ ಅನ್ನ ಹಾಕ್ತು. ಆದ್ರೆ ಸ್ವಂತ ವ್ಯಾಪಾರದೋರಿಗೆ ಆ 80% ಲೆಕ್ಕ ಹಾಕೋದು ಹೋದ ವರ್ಷದ ಟ್ಯಾಕ್ಸ್ ರಿಟರ್ನ್ ನೋಡಿ. ವ್ಯಾನ್ ಬಡ್ಡಿ, ಗ್ಯಾಸು, ಅಕ್ಕಿ, ಬೇಳೆ, ಸ್ಟಾಲ್ ಬಾಡಿಗೆ ಎಲ್ಲ ಕಳೆದ್ಮೇಲೆ ಉಳಿದಿದ್ದೇ ನನ್ನ ಆದಾಯ, ಅದು ಕಮ್ಮಿ ಇತ್ತು, ಬಂದಿದ್ದೂ ಕಮ್ಮಿ. ಪೆಟ್ಟಾದ್ರೆ ಇಷ್ಟು ಆದಾಯದ ಲೆಕ್ಕದಲ್ಲಿ ಕೊಡ್ಬೇಕು ಅಂತ ಮುಂಚೇನೇ ಗೊತ್ತು ಮಾಡಿ ಮಾಡಿಸ್ಕೊಳ್ಳೋ ಕವರ್‌ಪ್ಲಸ್ ಎಕ್ಸ್‌ಟ್ರಾ ಅಂತ ಇನ್ನೊಂದಿದೆ, ನಾನು ಮಾಡಿಸಿರಲಿಲ್ಲ, ಕೈ ಕಟ್ ಆದ್ಮೇಲೆ ಕೇಳಿದ್ರೆ ಸಿಗಲ್ಲ. ವ್ಯಾನ್ ಕಂತು ಕಮ್ಮಿ ಮಾಡ್ರಪ್ಪ ಅಂತ ಸಾಲ ಕೊಟ್ಟೋರನ್ನ ಕೇಳಿದ್ದಕ್ಕೆ ಆಗಲ್ಲ ಅಂದ್ರು.

ಅವತ್ತಿನ ಹಿಟ್ಟು ಏನಾಯ್ತು ಅಂತ ಅಮ್ಮ ಕೇಳ್ತಾಳೆ, ಹೇಳು. ನಾನು ಆಸ್ಪತ್ರೇಲಿ ಮಲಗಿದ್ರೆ ನನ್ನ ಹೆಂಡ್ತಿ ಇಲ್ಲಿನ ಕನ್ನಡದೋರ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ಲು, ಮಧ್ಯಾಹ್ನದೊಳಗೆ ಡಬ್ಬಿ ಡಬ್ಬಿ ತಂದು ಅಷ್ಟೂ ಹಿಟ್ಟು ತಗೊಂಡು ಹೋದ್ರು. ಎರಡು ವಾರ ಸ್ಟಾಲ್ ಹಾಕಲಿಲ್ಲ. ಮೂರನೇ ವಾರದಿಂದ ಇವಳು ಶುಕ್ರವಾರ ರಾತ್ರಿ ವೃದ್ಧಾಶ್ರಮದಲ್ಲಿ ಡ್ಯೂಟಿ ಮುಗಿಸ್ಕೊಂಡು ಸೀದಾ ಸಂತೆಗೆ ಬಂದು ಕಾವಲಿ ಮುಂದೆ ನಿಂತ್ಕೊಂಡ್ಲು. ನಾನು ಬ್ಯಾಂಡೇಜ್ ಕೈಯಲ್ಲಿ ಆಹಾರ ಮುಟ್ಟಂಗಿಲ್ಲ, ವ್ಯಾನೂ ಓಡಿಸಂಗಿಲ್ಲ, ಗೆಳೆಯನೊಬ್ಬ ಓಡಿಸ್ದ. ಪಕ್ಕದ ಸ್ಟಾಲಲ್ಲಿ ಕೆಸುವಿನ ಗಡ್ಡೆ ಮಾರೋ ಸಮೋವಾದ ಅಜ್ಜಿ, ನಮಗೆ ಕಾಯಿ ಕೊಡೋದೂ ಅವರೇ, ನನ್ನ ಕೈ ನೋಡಿದ್ದೇ ಒಂದು ಮಾತೂ ಆಡದೆ ನಮ್ಮ ಕಾಯಿ ಚೀಲ ತನ್ನ ಕಡೆ ಎಳ್ಕೊಂಡ್ರು. ಮಚ್ಚಿನ ಬೆನ್ನಲ್ಲಿ ಸುತ್ತ ಹೊಡೆದು ಎರಡು ಹೋಳು ಮಾಡಿ ಮಣೆ ಮೇಲೆ ಕೂತು ತುರಿಯೋದು, ಥೇಟ್ ನಮ್ಮಜ್ಜಿ. ನಾನು ಆ ಕಡೆ ತಿರುಗಿ ಅತ್ತುಬಿಟ್ಟೆ ಅಣ್ಣ. ಇವತ್ತಿಗೂ ಪ್ರತಿ ಶನಿವಾರ ಅವರೇ ತುರಿದು ಕೊಡ್ತಾರೆ.

ನನಗೆ ಮಲಗಿದ್ರೆ ನಿದ್ದೆ ಬರ್ತಿರಲಿಲ್ಲ. ಇಷ್ಟು ವರ್ಷ ವ್ಯಾಪಾರ ನಂದು ಅಂತಿದ್ದೆ, ಅದೆಲ್ಲ ಈ ಎರಡು ಕೈ ಮೇಲೇ ನಿಂತಿತ್ತು. ಅಕ್ಕಿ ಉದ್ದು ಅಳತೆ ಕೂಡ ಎಲ್ಲೂ ಬರೆದಿಟ್ಟಿರಲಿಲ್ಲ, ಇವಳು ಆಸ್ಪತ್ರೆಗೆ ಫೋನ್ ಮಾಡಿ ಕೇಳ್ಬೇಕಾಯ್ತು. ಈಗ ಮಗಳು ಪುಟ್ಟಿ ನೋಟ್‌ಬುಕ್ಕಲ್ಲಿ ಎಲ್ಲ ಬರ್ಕೊಂಡಿದಾಳೆ.

ಅದಕ್ಕೇ ನಿನ್ನ ಹಿಟ್ಟಿನ ಗಿರಣಿ ನೆನಪಾಗುತ್ತೆ. ಆ ಬೆಲ್ಟಿಗೆ ಕವರ್ ಹಾಕ್ಸು ಅಣ್ಣ, ದಮ್ಮಯ್ಯ. ಬ್ಯಾಂಕಲ್ಲಿ ಸುರಕ್ಷಾ ಬಿಮಾ ಮಾಡ್ಸು, ವರ್ಷಕ್ಕೆ 20 ರೂಪಾಯಿ ಖಾತೆಯಿಂದ್ಲೇ ಕಟ್ ಆಗುತ್ತೆ, 2 ಲಕ್ಷದವರೆಗೆ. ಆದ್ರೆ ಅದು ಅಪಘಾತದಲ್ಲಿ ಜೀವ ಹೋದ್ರೆ ಅಥವಾ ಕೈಕಾಲು ಶಾಶ್ವತವಾಗಿ ಹೋದ್ರೆ ಮಾತ್ರ, ನನ್ನ ಥರ ಮೂರು ತಿಂಗಳು ಮನೇಲಿ ಕೂತ್ರೆ ಏನೂ ಬರಲ್ಲ, ಅದಕ್ಕೆ ಒಂದಿಷ್ಟು ದುಡ್ಡು ಬೇರೆ ಎತ್ತಿಡು. ನನಗೇನೂ ಕಳಿಸ್ಬೇಡ, ಕೊಬ್ಬರಿ ಅಟ್ಟದ ಮೇಲೇ ಇರ್ಲಿ, ಒಳ್ಳೆ ರೇಟ್ ಬಂದಾಗ ತಿಪಟೂರು ಮಾರ್ಕೆಟ್‌ಗೆ ಹಾಕು.

ಈಗ ಉಂಗುರದ ಬೆರಳು ಅಂಗೈ ಮುಟ್ಟುತ್ತೆ. ಕಿರುಬೆರಳು ಇನ್ನೂ ಒಂದು ಬೆರಳಷ್ಟು ದೂರ. 12 ವಾರ ತುಂಬೋವರೆಗೂ ಭಾರ ಎತ್ತಂಗಿಲ್ಲ, ಸೌಟು ಹಿಡಿಯೋದು ಬಲಗೈ ತಾನೇ, ಹೋದ ಶನಿವಾರ ಎಂಟು ದೋಸೆ ಹಾಕಿದೆ.

ಬರೋ ಭಾನುವಾರ ನಿಮ್ಮ ಸಾಯಂಕಾಲಕ್ಕೆ ವಿಡಿಯೋ ಕಾಲ್ ಮಾಡ್ತೀನಿ. ಅಷ್ಟರೊಳಗೆ ಅಮ್ಮಂಗೆ ಹೇಳಿರು, ಅತ್ತಿಗೆ ಪಕ್ಕದಲ್ಲಿ ಇರ್ಲಿ. ಎರಡೂ ಕೈ ತೋರಿಸ್ತೀನಿ.

ನಿನ್ನ ತಮ್ಮ