ಕಿಕ್‌ಡೌನ್ ರಾಡನ್ನು ಬಿಚ್ಚಿ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಆಟೊಮ್ಯಾಟಿಕ್ ಕಾರುಗಳ ದುರಸ್ತಿಯಲ್ಲಿ ಆಗುವ ಒಂದು ತಪ್ಪನ್ನು ಬೆಳಗಾವಿಯ ಗ್ಯಾರೇಜಿನವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರ್ ಬದಲಿಸಿದಾಗ, ಆಕ್ಸಿಲರೇಟರ್ ತುಳಿದಂತೆ ಸರಿಯುವ ಅದರ ಥ್ರಾಟಲ್ ಲಿವರಿನಿಂದ ಗೇರ್‌ಬಾಕ್ಸಿನ ಪಕ್ಕಕ್ಕೆ ಇಳಿಯುವ ಕಿಕ್‌ಡೌನ್ ರಾಡು ಹೊಸದಕ್ಕೆ ಕೂಡುವುದಿಲ್ಲವೆಂದು ಅದನ್ನು ಬಿಚ್ಚಿ ತಂತಿಯಿಂದ ಕಟ್ಟಿಬಿಡುತ್ತಾರೆ. ಮುಂದಿನ ಗಾಡಿಯನ್ನು ದಾಟುವಾಗ ಗೇರು ಇಳಿಸುವುದಷ್ಟೇ ಅದರ ಕೆಲಸವೆಂಬ ತಿಳಿವಳಿಕೆ ಇದಕ್ಕೆ ಕಾರಣ. ಕಿಕ್‌ಡೌನ್ ಎಂದರೆ ಪೆಡಲನ್ನು ಪೂರ್ತಿ ತುಳಿದು ಗೇರು ಇಳಿಸುವುದು; ಹೆಸರೂ ಹಾಗೆಯೇ ಇರುವುದರಿಂದ ಅವರನ್ನು ಪೂರ್ತಿ ದೂರಲಾರೆ.

ನನ್ನಲ್ಲಿ 1965ರ ಡಾಡ್ಜ್ ಡಾರ್ಟ್ ಇದೆ. ಅದರ ಮೂರು ಗೇರಿನ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸಿನಲ್ಲಿ ಈ ರಾಡು ಥ್ರಾಟಲ್ ವಾಲ್ವನ್ನು ನಡೆಸುತ್ತದೆ; ಆಕ್ಸಿಲರೇಟರನ್ನು ತುಳಿದಷ್ಟೂ ಒಳಗಿನ ಎಣ್ಣೆಯ ಒತ್ತಡ ಏರಿ, ಗೇರು ತಡವಾಗಿ ಬದಲಾಗುವುದಲ್ಲದೆ ಕ್ಲಚ್ ಪ್ಲೇಟುಗಳೂ ಬ್ಯಾಂಡುಗಳೂ (ಒಳಗಿನ ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿಗಳು) ಎಂಜಿನ್ನಿನ ಎಳೆತಕ್ಕೆ ಜಾರದಂತೆ ಬಿಗಿಯಾಗಿ ಹಿಡಿಯುತ್ತವೆ. ರಾಡು ಬಿಚ್ಚಿದ ಮೇಲೆ ನಾವು ಎಷ್ಟೇ ತುಳಿದರೂ ಆ ಸುದ್ದಿ ಗೇರ್‌ಬಾಕ್ಸಿಗೆ ಮುಟ್ಟುವುದಿಲ್ಲ. ನನ್ನ ಗಾಡಿಯಲ್ಲೂ ಹೀಗೆಯೇ ರಾಡು ಬಿಚ್ಚಿ ಕಟ್ಟಿದ್ದರು. ಊರೊಳಗಿನ ಸಪಾಟು ರಸ್ತೆಯಲ್ಲಿ ಗೇರು ಬೇಗ ಬೇಗ ಏರುವುದನ್ನು ಕಂಡು ಗಾಡಿ ಮೆತ್ತಗೆ ಓಡುತ್ತಿದೆಯೆಂದೇ ನಾನು ಸಂತೋಷಪಟ್ಟಿದ್ದೆ. ಗೋವಾದಿಂದ ಮರಳುವಾಗ ಚೋರ್ಲಾ ಘಾಟಿನ ಏರಿನಲ್ಲಿ ಎಂಜಿನ್ನಿನ ಸದ್ದು ಏರಿತು, ಗಾಡಿಯ ವೇಗ ಏರಲಿಲ್ಲ; ಪ್ಲೇಟುಗಳು ಜಾರುತ್ತಿದ್ದವು. ಮನೆಗೆ ಬಂದು ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಎಣ್ಣೆ ನೋಡುವ ಕಡ್ಡಿ) ತೆಗೆದು ನೋಡಿದರೆ ಕೆಂಪಗಿರಬೇಕಾದ ಎಣ್ಣೆ ಕಪ್ಪಿಟ್ಟು ಸುಟ್ಟ ವಾಸನೆ ಹೊಡೆಯುತ್ತಿತ್ತು.

ಎಲ್ಲ ಗಾಡಿಗಳೂ ಒಂದೇ ಬಗೆಯವಲ್ಲ. ಜನರಲ್ ಮೋಟರ್ಸ್‌ನ ಟರ್ಬೊ 400 ಗೇರ್‌ಬಾಕ್ಸಿನಲ್ಲಿ ಒತ್ತಡವನ್ನು ಎಂಜಿನ್ನಿನ ನಿರ್ವಾತದಿಂದ ನಡೆಯುವ ವ್ಯಾಕ್ಯೂಮ್ ಮಾಡ್ಯುಲೇಟರ್ ನೋಡಿಕೊಳ್ಳುತ್ತದೆ, ಕಿಕ್‌ಡೌನ್ ಕೆಲಸಕ್ಕೆ ವಿದ್ಯುತ್ ಸ್ವಿಚ್ಚು ಇದೆ. ಆ ಸ್ವಿಚ್ಚು ಕೆಟ್ಟರೂ ಪ್ಲೇಟುಗಳು ಸುಡುವುದಿಲ್ಲ. ಅಂಥ ಗಾಡಿಯಲ್ಲಿ ಕಂಡದ್ದನ್ನು ಟಾರ್ಕ್‌ಫ್ಲೈಟಿಗೆ ಅನ್ವಯಿಸಿದರೆ ಗೇರ್‌ಬಾಕ್ಸು ಉಳಿಯದು.

ಪರೀಕ್ಷೆ ಕಷ್ಟವೇನಲ್ಲ. ಎಂಜಿನ್ ನಿಲ್ಲಿಸಿ ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಗೇರ್‌ಬಾಕ್ಸಿನ ಪಕ್ಕದ ಲಿವರು ತನ್ನ ಕೊನೆಯವರೆಗೆ ಸರಿಯಬೇಕು, ಕಾಲು ತೆಗೆದಾಗ ಮೊದಲಿನ ಜಾಗಕ್ಕೆ ಬಂದು ನಿಲ್ಲಬೇಕು, ನಡುವೆ ಸಡಿಲವಿರಬಾರದು. ರಾಡಿನ ಕೀಲುಗಳಲ್ಲಿ ಕೂರುವ ಬುಶ್ (ಸಣ್ಣ ಬಳೆ) ಸವೆದಿದ್ದರೆ ರಾಡು ಇದ್ದೂ ಇಲ್ಲದಂತೆಯೇ. ಉದ್ಯಮಬಾಗದಲ್ಲಿ ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲದ ನಮ್ಮ ಊರಿನಲ್ಲಿ ಒಂದು ಬುಶ್ಶನ್ನೋ ಹೊಸ ಕಾರ್ಬುರೇಟರಿಗೆ ಹೊಂದುವ ಲಿವರನ್ನೋ ಮಾಡಿಸಿಕೊಳ್ಳುವುದು ಅರ್ಧ ದಿನದ ಮಾತು. ಹೀಗಿರುವಾಗ ತಂತಿಯಿಂದ ಕಟ್ಟಿ ಕಳಿಸುವುದನ್ನು ನಾನು ಒಪ್ಪಲಾರೆ.

ನಗರದ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಆಟೊಮೊಬೈಲ್ ವಿಭಾಗದವರು ಇದನ್ನು ಒಂದು ತರಗತಿಯಲ್ಲಾದರೂ ವಿದ್ಯಾರ್ಥಿಗಳಿಗೆ ತೋರಿಸಬೇಕೆಂದು ವಿನಂತಿಸುತ್ತೇನೆ. ನನ್ನ ಗಾಡಿಯಿಂದ ತೆಗೆದ ಸುಟ್ಟ ಪ್ಲೇಟುಗಳನ್ನು ಇಟ್ಟುಕೊಂಡಿದ್ದೇನೆ. ಯಾವುದೇ ಸಂಸ್ಥೆ ಕೇಳಿದರೂ ಅವನ್ನು ಕೊಡಲು ಸಿದ್ಧನಿದ್ದೇನೆ.

ಇಂತಿ,
ತಮ್ಮ ಓದುಗ,
ಟಿಳಕವಾಡಿ, ಬೆಳಗಾವಿ