ಕೀಲಿ ಕೊಟ್ಟು ಬಂದೆ, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ನಿನ್ನೆ ಮಧ್ಯಾಹ್ನ ವಿದ್ಯಾರ್ಥಿ ಒಕ್ಕೂಟದ ಕೋಣೆಯ ಕೀಲಿ, ರಸೀದಿ ಪುಸ್ತಕ, ಕ್ಯಾಶ್ ಬುಕ್, ಎರಡು ರಬ್ಬರ್ ಸ್ಟ್ಯಾಂಪು ಎಲ್ಲವನ್ನೂ ಹೊಸ ಕಾರ್ಯದರ್ಶಿಗೆ ಒಪ್ಪಿಸಿದೆ. ಸಹಿ ಹಾಕಲು ಐದು ನಿಮಿಷ ಹಿಡಿಯಿತು. ಆಮೇಲೆ ಬಸ್ ಹತ್ತಿ ಬೆಳಗಾವಿಯ ಸಿಬಿಟಿ ಬಸ್ ನಿಲ್ದಾಣದಲ್ಲಿ ಇಳಿಯುವವರೆಗೂ ಒಂದೇ ಯೋಚನೆ. ಕಾರ್ಯದರ್ಶಿಯಾಗಿದ್ದ ಈ ಒಂದು ವರ್ಷದಲ್ಲಿ ನಾನು ಯಾರ್ಯಾರ ಮುಂದೆ ಹೋಗಿ ನಿಂತೆ, ಎಷ್ಟು ಜನ ಆಗಲ್ಲ ಅನ್ನದೆ ಕೆಲಸ ಮಾಡಿಕೊಟ್ಟರು ಅಂತ. ಬೀಳ್ಕೊಡುಗೆಯ ದಿನ ವೇದಿಕೆ ಮೇಲೆ ನಾಲ್ಕು ಮಾತಾಡಿ ಇಳಿದುಬಿಟ್ಟೆ, ಗಂಟಲು ಕಟ್ಟಿತ್ತು. ಅವತ್ತು ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂತ ಹಲವರು ಹೇಳಿದ್ದಾರೆ, ಅದಕ್ಕೆ ಯಾರ ಹೆಸರನ್ನೂ ಬರೆದಿಲ್ಲ. ಓದಿದವರಿಗೆ ತಮ್ಮ ಬಗ್ಗೆಯೇ ಅಂತ ಗೊತ್ತಾಗುತ್ತದೆ.

ನಾನು ಮತ ಪಡೆದು ಗೆದ್ದು ಬಂದವಳಲ್ಲ. ಕರ್ನಾಟಕದ ಕ್ಯಾಂಪಸ್‌ಗಳಲ್ಲಿ ನೇರ ಚುನಾವಣೆ ನಿಂತು ಮೂವತ್ತು ವರ್ಷಕ್ಕಿಂತ ಜಾಸ್ತಿ ಆಯಿತು. ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕು ಅಂತ ಹೇಳಿದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಿತು. ಅಭ್ಯರ್ಥಿಗೆ ಶೇ. 75ರಷ್ಟು ಹಾಜರಿ ಇರಬೇಕು, 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು ಅಂತೆಲ್ಲ ನಿಯಮವಾಯಿತು. ಆದರೂ ನಮ್ಮ ಕಡೆ ಮತಪೆಟ್ಟಿಗೆ ವಾಪಸ್ ಬರಲಿಲ್ಲ. ನಮ್ಮಲ್ಲಿ ಅಂಕ ನೋಡಿ ವಿಭಾಗಕ್ಕೊಬ್ಬರನ್ನು ಆರಿಸುತ್ತಾರೆ, ಅವರೆಲ್ಲ ಕೂತು ಕಾರ್ಯದರ್ಶಿ, ಖಜಾಂಚಿ ಯಾರು ಅಂತ ತೀರ್ಮಾನ ಮಾಡುತ್ತಾರೆ. ನಾನಂತೂ ಚುನಾವಣೆ ಬೇಕು ಅನ್ನುವವಳು, ಈಗಲೂ.

ಮೊದಲ ವಾರ ಒಂದು ಕ್ಲಾಸಿಗೆ ಹೋಗಿ ಪರಿಚಯ ಹೇಳಿಕೊಳ್ಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ನಿಮ್ಮನ್ನ ಯಾರು ಆರಿಸ್ಯಾರ್ರಿ ಅಕ್ಕಾ?" ಇಡೀ ಕ್ಲಾಸು ಸುಮ್ಮನಾಯಿತು. ಪ್ರಶ್ನೆ ಸರಿಯಾಗಿಯೇ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆ. ತಮ್ಮಾ, ಮೊದಲ ಥ್ಯಾಂಕ್ಸ್ ನಿನಗೆ. ಆ ಪ್ರಶ್ನೆ ವರ್ಷವಿಡೀ ನನ್ನ ಜೊತೆಗಿತ್ತು. ಮುಂದಿನ ತಿಂಗಳು ಸ್ಕಾಲರ್‌ಶಿಪ್ ಟೇಬಲ್ ಹಾಕಿದಾಗ ನಿನ್ನದೇ ಲ್ಯಾಪ್‌ಟಾಪ್ ತಂದು ಹನ್ನೊಂದು ದಿನ ಕೂತವನೂ ನೀನೇ.

ಆ ಟೇಬಲ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಈ ವರ್ಷ ನಾವು ಮಾಡಿದ್ದರಲ್ಲಿ ನನಗೆ ತುಂಬಾ ಬೇಕಾದ ಕೆಲಸ ಅದು. ಗ್ರಂಥಾಲಯದ ವರಾಂಡದಲ್ಲಿ ಒಂದು ಮೇಜು, ಎರಡು ಲ್ಯಾಪ್‌ಟಾಪು, ಒಂದು ಮೊಬೈಲಿನ ಹಾಟ್‌ಸ್ಪಾಟು. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು ಗೊತ್ತಿದ್ದವರಿಗೆ ಸುಲಭ. ಹಳ್ಳಿಯಿಂದ ಬಂದು, ಮನೆಯಲ್ಲಿ ಕೇಳಲು ಯಾರೂ ಇಲ್ಲದವರಿಗೆ ಅದು ದೊಡ್ಡ ಗುಡ್ಡ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಆಧಾರ್‌ನಲ್ಲಿರುವ ಹೆಸರಿಗೂ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಹೆಸರಿಗೂ ಒಂದಕ್ಷರ ವ್ಯತ್ಯಾಸ ಇದ್ದರೂ ತಲೆನೋವು. ದಾಖಲೆಗಳ ಇ-ದೃಢೀಕರಣ ಆಗಬೇಕು.

ಇದೆಲ್ಲ ಮುಗಿದ ಮೇಲೆ ಬ್ಯಾಂಕಿನ ತೊಡಕು. "ಆಧಾರ್ ಲಿಂಕ್ ಆಗೇದ್ರಿ ಅಕ್ಕಾ, ಆದ್ರೂ ರೊಕ್ಕ ಬಂದಿಲ್ಲ" ಅಂತ ಬಂದವರೇ ಜಾಸ್ತಿ. ಖಾತೆಗೆ ಆಧಾರ್ ಜೋಡಿಸುವುದು ಬೇರೆ, ಅದು ಎನ್‌ಪಿಸಿಐ ಮ್ಯಾಪಿಂಗ್‌ಗೆ, ಅಂದರೆ ಯಾವ ಆಧಾರ್‌ನ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವ ಪಟ್ಟಿಗೆ, ಸೇರುವುದು ಬೇರೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಆಧಾರ್ ಮೂಲಕ ಬರುವ ಸರ್ಕಾರದ ದುಡ್ಡು ಕೊನೆಯ ಸಲ ಮ್ಯಾಪ್ ಆದ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಒಬ್ಬ ಹುಡುಗಿ ಹಿಂದಿನ ವರ್ಷದ ದುಡ್ಡು ಬಂದೇ ಇಲ್ಲ ಅಂದುಕೊಂಡು, ಕಾಲೇಜು ಬಿಟ್ಟು ಹೊಲಿಗೆ ಕೆಲಸಕ್ಕೆ ಹೋಗುವ ಮಾತಾಡುತ್ತಿದ್ದಳು. ವಿಚಾರಿಸಿದರೆ ದುಡ್ಡು ಬಂದಿತ್ತು, ಪಿಯುಸಿಯಲ್ಲಿದ್ದಾಗ ಅಪ್ಪ ತೆಗೆಸಿದ ಹಳೆ ಖಾತೆಗೆ. ಆ ಪಾಸ್‌ಬುಕ್ಕು ಊರಲ್ಲಿ ದೇವರ ಜಗಲಿಯ ಹಿಂದೆ ಇತ್ತಂತೆ. ಅವತ್ತು ಸಂಜೆ ಅವಳ ಅವ್ವ ಫೋನ್ ಮಾಡಿ ಏನೂ ಮಾತಾಡಲಿಲ್ಲ, ಅಳುತ್ತಾ "ಯವ್ವಾ, ಯವ್ವಾ" ಅಂದರು ಅಷ್ಟೇ. ಒಂದು ವರ್ಷದ ದಣಿವು ಅಲ್ಲೇ ಇಳಿಯಿತು.

ಇದರ ಹಿಂದೆ ಇದ್ದವರು ಯಾರು ಗೊತ್ತಾ? ಕ್ಯೂನಲ್ಲಿ ನಿಂತ ನಮ್ಮ ಹುಡುಗರನ್ನು ಕರೆದು ಮ್ಯಾಪಿಂಗ್ ಅಂದರೆ ಏನು, ಯಾವ ಫಾರ್ಮ್ ತುಂಬಬೇಕು ಅಂತ ಬಿಡಿಸಿ ಹೇಳಿದ ಬ್ಯಾಂಕ್ ಕೌಂಟರಿನ ಮೇಡಂ. ಅವರು ಒಂದು ಹಾಳೆಯ ಮೇಲೆ ಬರೆದುಕೊಟ್ಟಿದ್ದನ್ನೇ ನಾವು ಝೆರಾಕ್ಸ್ ಮಾಡಿ ಎಲ್ಲಾ ವಿಭಾಗಗಳಿಗೆ ಹಂಚಿದೆವು. ಐದೂವರೆ ಆದ ಮೇಲೂ ಕುರ್ಚಿ ಬಿಟ್ಟೇಳದೆ ಇ-ದೃಢೀಕರಣ ಮಾಡಿಕೊಟ್ಟ ಕಚೇರಿಯ ಸರ್, ನಿಮ್ಮ ಮನೆಯವರಿಗೂ ನಮ್ಮ ನಮಸ್ಕಾರ, ಎಷ್ಟೋ ರಾತ್ರಿ ನಿಮ್ಮ ಊಟ ತಡವಾಗಿದ್ದು ನಮ್ಮಿಂದ. ಗೇಟಿನ ಮುಂದಿನ ಝೆರಾಕ್ಸ್ ಅಂಗಡಿ ಕಾಕಾ ಆ ಹನ್ನೊಂದು ದಿನ ದುಡ್ಡು ಕೇಳಲೇ ಇಲ್ಲ. ನಾನಾಗೇ ಕೇಳಿದರೆ "ಬರಕೊಂಡೇನಿ ತಂಗಿ, ಮೊದ್ಲ ಹುಡ್ರದ್ದು ಆಗ್ಲಿ" ಅನ್ನುತ್ತಿದ್ದರು. ಹಾಸ್ಟೆಲ್ ಸಿಗದೆ ಊರಲ್ಲಿ ಕೋಣೆ ಮಾಡಿಕೊಂಡಿರುವ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಆಗ ಬರುತ್ತಿದ್ದ ತಿಂಗಳಿಗೆ 1,500 ರೂಪಾಯಿ ಅಂದರೆ ಏನು ಅಂತ ಕಾಕಾಗೆ ಗೊತ್ತಿತ್ತು. ಅವರ ಮಗನೂ ಅದರಿಂದಲೇ ಓದಿದವನು.

ಇನ್ನು ಮಳೆಗಾಲದ ಮಾತು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ, ಕೊಯ್ನಾದಿಂದ ನೀರು ಬಿಟ್ಟರೆ, ನಮ್ಮ ಹೊಲದಲ್ಲಿ ಬಿಸಿಲಿದ್ದರೂ ಕೃಷ್ಣೆ ಏರುತ್ತಾಳೆ. ದೂಧಗಂಗಾ, ವೇದಗಂಗಾ ತುಂಬುತ್ತವೆ. ಕಲ್ಲೋಳ-ಯಡೂರ ಸೇತುವೆ ಮುಳುಗಿತು ಅನ್ನುವ ಸುದ್ದಿ ಮಳೆಗಾಲದಲ್ಲಿ ನಮಗೆ ಹೊಸದೇನಲ್ಲ. ನಮ್ಮೂರೂ ಹೊಳೆದಂಡೆಯದು. 2019ರ ಆಗಸ್ಟ್‌ನಲ್ಲಿ ನಮ್ಮ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು, ನನ್ನ ಪಿಯುಸಿ ಪುಸ್ತಕಗಳನ್ನು ಅಪ್ಪ ಎತ್ತಿನ ಗಾಡಿ ಮೇಲಿಟ್ಟು ತಂದಿದ್ದರು. ಹಾಗಾಗಿ ಈ ಸಲ ಇಂಟರ್ನಲ್ ಟೆಸ್ಟಿನ ವಾರವೇ ಸೇತುವೆಗಳ ಮೇಲೆ ನೀರು ಬಂದಾಗ ನನಗೆ ಸುಮ್ಮನೆ ಕೂರಲು ಆಗಲಿಲ್ಲ.

ಆ ರಾತ್ರಿ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಆರು ಜನ ಕೂತು ಫೋನ್ ಹಚ್ಚಿದೆವು. ಯಾರ ಊರಿನ ರಸ್ತೆ ಬಂದ್ ಆಗಿದೆ, ಯಾರು ಕಾಳಜಿ ಕೇಂದ್ರದಲ್ಲಿದ್ದಾರೆ, ಯಾರ ಫೋನು ಹತ್ತುತ್ತಿಲ್ಲ ಅಂತ ವಿಭಾಗವಾರು ಬರೆಯುತ್ತಾ ಹೋದೆವು, ಫೋನು ಹತ್ತದವರಿಗೆ ಅವರ ಪಕ್ಕದೂರಿನ ಗೆಳೆಯರ ಮೂಲಕ ವಿಚಾರಿಸಿದೆವು, ಹಾಗೆ ಒಂದೂವರೆ ಗಂಟೆ ರಾತ್ರಿಯ ಹೊತ್ತಿಗೆ 43 ಹೆಸರಿನ ಪಟ್ಟಿ ಸಿದ್ಧವಾಯಿತು. ಬೆಳಗ್ಗೆ ಆ ಪಟ್ಟಿ ಹಿಡಿದು ಹೋದರೆ ವಿಭಾಗದ ಮುಖ್ಯಸ್ಥರು ಏನನ್ನುತ್ತಾರೋ ಅಂತ ಹೆದರಿಕೆ ಇತ್ತು. ಮೊದಲು ಹೋದ ಮೇಡಂ ಪಟ್ಟಿ ಓದಿ, ಕನ್ನಡಕ ತೆಗೆದು, "ಇವರೆಲ್ಲ ಸುರಕ್ಷಿತ ಇದ್ದಾರಾ?" ಅಂತ ಕೇಳಿದರು. ಟೆಸ್ಟಿನ ವಿಷಯ ಆಮೇಲೆ. ನೀರು ಇಳಿದ ಮೇಲೆ ಎಲ್ಲಾ ವಿಭಾಗಗಳಲ್ಲೂ ಬೇರೆ ದಿನ ಟೆಸ್ಟ್ ಇಟ್ಟರು, ಒಬ್ಬರ ಅಂಕವೂ ಹೋಗಲಿಲ್ಲ. ಮೇಡಂ, ನೀವು ಮೊದಲು ಕೇಳಿದ್ದು ಯಾವ ಪ್ರಶ್ನೆ ಅಂತ ಆ 43 ಜನರಿಗೂ ಹೇಳಿದ್ದೇನೆ.

ಆ ರಾತ್ರಿ ಹನ್ನೆರಡಕ್ಕೆ ಮತ್ತೆ ಒಲೆ ಹಚ್ಚಿ ಚಹಾ ಮಾಡಿ, ಉಳಿದ ರೊಟ್ಟಿಗೆ ಶೇಂಗಾ ಹಿಂಡಿ ಮೊಸರು ಹಾಕಿ ಕೊಟ್ಟ ಅಡುಗೆಮನೆಯ ಅಕ್ಕನವರೇ, ನಿಮ್ಮ ಊರಿಗೂ ಅವತ್ತು ನೀರು ಬಂದಿತ್ತು ಅಂತ ನಮಗೆ ಗೊತ್ತಾಗಿದ್ದು ಎರಡು ದಿನ ಬಿಟ್ಟು. ನೀವು ಹೇಳಲೇ ಇಲ್ಲ. ಅದನ್ನು ನೆನೆಸಿದರೆ ಈಗಲೂ ಕಣ್ಣು ತುಂಬುತ್ತದೆ.

ಖಜಾಂಚಿ ತಂಗಿಗೆ ಬೇರೆಯೇ ಸಾಲು ಬೇಕು. ಒಕ್ಕೂಟದ ದುಡ್ಡು ಅಂದರೆ ವಿದ್ಯಾರ್ಥಿಗಳು ಫೀ ಜೊತೆ ಕಟ್ಟಿದ ದುಡ್ಡು. ನೂರು ರೂಪಾಯಿಯ ಹೂವಿನ ಹಾರಕ್ಕೂ ಅವಳು ವೋಚರ್ ಬರೆಸುತ್ತಿದ್ದಳು. ದೊಡ್ಡ ಖರ್ಚಿಗೆ ಮೂರು ಕೊಟೇಶನ್ ಬರುವವರೆಗೂ ಚೆಕ್‌ಗೆ ಸಹಿ ಹಾಕುತ್ತಿರಲಿಲ್ಲ. ವಾರ್ಷಿಕೋತ್ಸವದ ಪೆಂಡಾಲಿನ ಬಿಲ್ಲನ್ನು ನಾನು ಎಲ್ಲೋ ಕಳೆದೆ. ಆಡಿಟ್‌ಗೆ ನಾಲ್ಕು ದಿನ ಇತ್ತು. ಅವಳು ನನ್ನ ಮೇಲೆ ಒಂದು ಮಾತೂ ಜೋರು ಮಾಡಲಿಲ್ಲ, ನನ್ನನ್ನೇ ಜೊತೆಗೆ ಕರೆದುಕೊಂಡು ಪೆಂಡಾಲಿನವರ ಮನೆಗೆ ಹೋದಳು. ಆ ಅಣ್ಣ ಮದುವೆ ಸೀಸನ್ನಿನ ಗಡಿಬಿಡಿಯಲ್ಲೂ ಹಳೆ ಪುಸ್ತಕ ಹುಡುಕಿ ಡೂಪ್ಲಿಕೇಟ್ ಬಿಲ್ ಬರೆದು ಸಹಿ ಮಾಡಿಕೊಟ್ಟರು. ತಪ್ಪು ನನ್ನದು, ಇಬ್ಬರಿಗೂ ಋಣಿ.

ರಾಜ್ಯೋತ್ಸವದ ಬಗ್ಗೆ ಎರಡೇ ಮಾತು. ನವೆಂಬರ್ 1ರಂದು ಚನ್ನಮ್ಮ ವೃತ್ತದಲ್ಲಿ ಸೇರುವ ಜನಸಾಗರ ನೋಡಿದವರಿಗೇ ಗೊತ್ತು. ನಮ್ಮ ತಂಡದ ಫಲಕಗಳನ್ನು ಬರೆದದ್ದು ಖಾನಾಪುರ ಕಡೆಯ, ಮನೆಯಲ್ಲಿ ಮರಾಠಿ ಮಾತಾಡುವ ನಮ್ಮ ಗೆಳತಿ. ಅವಳ ಕನ್ನಡ ಅಕ್ಷರ ನಮ್ಮೆಲ್ಲರಿಗಿಂತ ದುಂಡಗಿದೆ. ಬೆಳಗಾವಿಯಲ್ಲಿ ನಾವು ಹೀಗೂ ಬದುಕುತ್ತೇವೆ, ಇದನ್ನೂ ಯಾರಾದರೂ ಬರೆಯಬೇಕು ಅಲ್ವಾ.

ಬಸ್ಸಿನ ವಿಷಯಕ್ಕೆ ಕಂಟ್ರೋಲರ್ ಸಾಹೇಬರಿಗೆ ನಮಸ್ಕಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ನನ್ನ ಜೊತೆ ಓದುವ ಇಬ್ಬರು ಮನೆಯಿಂದಲೇ ಓಡಾಡಿ ಎಂಎ ಮಾಡಲು ಅದೇ ಕಾರಣ. ಆದರೆ ಗ್ರಂಥಾಲಯದಲ್ಲಿ ಸಂಜೆವರೆಗೆ ಕೂತರೆ ವಾಪಸ್ ಬಸ್ ಇರುತ್ತಿರಲಿಲ್ಲ. ನಾವು ಮೂರು ಸಲ ಮನವಿ ಹಿಡಿದು ಹೋದೆವು. ಮೂರನೇ ಸಲ ಅವರೇ ಕ್ಯಾಂಪಸ್‌ಗೆ ಬಂದು ಆರೂವರೆಗೆ ಎಷ್ಟು ಜನ ನಿಂತಿರುತ್ತಾರೆ ಅಂತ ತಾವೇ ಎಣಿಸಿದರು. ಮುಂದಿನ ಸೋಮವಾರದಿಂದ ಬಸ್ ಬಂತು.

ಅಪ್ಪ, ಅವ್ವ. "ಓದಾಕ ಹೋಗಿ ಮಂದಿ ಕೆಲ್ಸಾ ಯಾಕ ಮಾಡ್ತೀ" ಅಂತ ಶುರುವಿನಲ್ಲಿ ಬೈದವರು ನೀವು. ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು, "ಆ ಹುಡುಗಿ ರೊಕ್ಕ ಬಂತೇನು?" ಅಂತ. ಬಂತಪ್ಪಾ. ಅವಳು ಈಗ ಎರಡನೇ ವರ್ಷದಲ್ಲಿದ್ದಾಳೆ.

ಕೊನೆಗೆ ಹೊಸ ತಂಡಕ್ಕೆ. ಝೆರಾಕ್ಸ್ ಕಾಕಾನ 3,140 ರೂಪಾಯಿ ಬಾಕಿ ಮೊನ್ನೆಯೇ ಮುಟ್ಟಿಸಿದ್ದೇವೆ, ರಸೀದಿ ಕ್ಯಾಶ್ ಬುಕ್ಕಿನ ಕೊನೆಯ ಪುಟಕ್ಕೆ ಪಿನ್ ಮಾಡಿದೆ. ಮ್ಯಾಪಿಂಗ್ ಬಗ್ಗೆ ಮೇಡಂ ಬರೆದುಕೊಟ್ಟ ಹಾಳೆ ಬೀರುವಿನ ಮೇಲಿನ ಖಾನೆಯಲ್ಲಿ ನೀಲಿ ಫೈಲಿನಲ್ಲಿದೆ. ಹೊಳೆದಂಡೆ ಊರುಗಳ ವಿದ್ಯಾರ್ಥಿಗಳ ಪಟ್ಟಿಯೂ ಅದರಲ್ಲೇ ಇದೆ, ಹೊಸದಾಗಿ ಸೇರಿದವರ ಹೆಸರು, ಫೋನ್ ನಂಬರ್ ಅದಕ್ಕೆ ಜೂನ್ ಒಳಗೆ ಸೇರಿಸಿಬಿಡಿ.