ಸಂಬಳದ ದಿನದ ಭಯ

ಪ್ರೀತಿಯ ಮಗುವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಸ್ವಂತ ಉದ್ಯಮ ಶುರುಮಾಡಲು ನೌಕರಿ ಬಿಟ್ಟದ್ದು, ಸಾಲಕ್ಕೆ ಅರ್ಜಿ ಹಾಕಿದ್ದು, ಮನೆಯಲ್ಲಿ ಯಾರು ಒಪ್ಪಿದರು, ಯಾರು ಮುನಿಸಿಕೊಂಡರು ಎಂಬುದೆಲ್ಲ ನಿನ್ನ ಅಪ್ಪನಿಂದ ಆಗಲೇ ತಿಳಿದಿರುವುದರಿಂದ ಅದರ ಚರ್ಚೆ ಮತ್ತೆ ಬೇಡ. ಕೊನೆಯಲ್ಲಿ ನೀನು ಸಣ್ಣ ವಿಷಯವೆಂಬಂತೆ ಬರೆದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: "ಸಂಬಳ ಕೊಡಬೇಕಾದ ದಿನ ಖಾತೆ ಬರಿದಾಗಿದ್ದರೆ ನಾನು ಎಂಥವಳಾಗಿಬಿಡುತ್ತೇನೋ." ನಷ್ಟಕ್ಕೆ ಹೆದರಿದ್ದರೆ ಸಮಾಧಾನ ಹೇಳಬಹುದಿತ್ತು. ನೀನು ನಿನಗೇ ಹೆದರಿದ್ದೀಯೆ.

ಅಂಥ ದಿನ ಬರುವುದಿಲ್ಲವೆಂದು ನಾನು ಹೇಳಲಾರೆ. ವ್ಯವಹಾರ ಚೆನ್ನಾಗಿ ನಡೆಯುತ್ತಿರುವಾಗಲೇ ಅದು ಬರುತ್ತದೆ. ಮಾಲು ಕೊಂಡವರು ಅರವತ್ತೋ ತೊಂಬತ್ತೋ ದಿನ ಬಿಟ್ಟು ಹಣ ಕೊಡುತ್ತಾರೆ, ಸಂಬಳವನ್ನು ಮಾತ್ರ ತಿಂಗಳಿಗೊಮ್ಮೆ ಎಣಿಸಲೇಬೇಕು. ಲೆಕ್ಕಪುಸ್ತಕದಲ್ಲಿ ಲಾಭ ಕಾಣುತ್ತಿದ್ದರೂ ಕೈಯಲ್ಲಿ ಕಾಸಿರುವುದಿಲ್ಲ, ಕೆಲಸ ಹೆಚ್ಚಿದಷ್ಟೂ ಈ ಅಂತರವೂ ಹೆಚ್ಚುತ್ತದೆ. ಆಗ ಕಣ್ಣಿಗೆ ಬೀಳುವುದು ಇನ್ನೊಬ್ಬ ಗಿರಾಕಿ ಕೊಟ್ಟ ಮುಂಗಡ. ಕೆಲಸ ಮುಗಿಸಿ ಒಪ್ಪಿಸುವವರೆಗೆ ಅದು ನಿನ್ನ ಆದಾಯವಲ್ಲ, ನಿನ್ನ ಮೇಲಿನ ಬಾಕಿ. ಅದರಿಂದ ಸಂಬಳ ಹಂಚಿದ ದಿನ ನೀನು ಯಾರಿಗೂ ಸುಳ್ಳು ಹೇಳಿರುವುದಿಲ್ಲ, ಬದಲಿಗೆ ನಾಲ್ಕು ಜನರ ಮನೆ ನಡೆಸಿದ ತೃಪ್ತಿಯೇ ಇರುತ್ತದೆ. ವಾರ ಕಳೆದು ಆ ಗಿರಾಕಿ ಫೋನ್ ಮಾಡಿ, ತನ್ನ ಕೆಲಸ ಎಲ್ಲಿಗೆ ಬಂತೆಂದು ಕೇಳಿದಾಗ, ಇನ್ನೂ ಕಚ್ಚಾಮಾಲೇ ತರಿಸದ ನೀನು "ಅರ್ಧ ಮುಗಿದಿದೆ" ಎನ್ನುತ್ತೀಯೆ. ನೀನು ಹೆದರುತ್ತಿರುವ ಆ ಇನ್ನೊಬ್ಬಳು ಬರುವ ದಾರಿ ಬಹುಶಃ ಇದೇ.

ಮುಂಗಡಕ್ಕೆ ಬೇರೆ ಖಾತೆ ಇಡುವುದು ಒಳ್ಳೆಯದು. ಇದು ನಿನ್ನ ಲೆಕ್ಕಿಗರೂ ಹೇಳಿರಬಹುದಾದ ಮಾತು, ಆದರೂ ಬರೆದಿದ್ದೇನೆ.

ಮುದ್ರಣಾಲಯ ನಡೆಸುತ್ತಿದ್ದಾಗ ತಿಂಗಳ ಕೊನೆಯ ವಾರ ಬಂತೆಂದರೆ ನಾನು ಬಾಕಿದಾರರ ಪಟ್ಟಿಯನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆ. ಮಡಿಕೆಯ ಗೆರೆಯಲ್ಲಿ ಕಾಗದ ಸವೆದು ಅಂಕಿಗಳು ಅಳಿಸಿದ್ದರೂ ಅವು ಬಾಯಿಪಾಠವಾಗಿದ್ದವು. ಸಂಬಳವನ್ನು ಒಮ್ಮೆಯೂ ತಪ್ಪಿಸಲಿಲ್ಲ. ನಾಲ್ಕು ಜನರ ಮುಂದೆ ಅದನ್ನು ಹೇಳಿಕೊಂಡು ಬೀಗಿದ್ದೂ ಉಂಟು. ಊಟಕ್ಕೆ ಕುಳಿತಾಗ ಮಕ್ಕಳು ಏನನ್ನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ನಿನ್ನ ದೊಡ್ಡಮ್ಮನ ಕಡೆ ತಿರುಗಿ ಆ ಮಾತನ್ನು ಅವಳಿಗೆ ಹೇಳುತ್ತಿದ್ದರು. ಅದನ್ನು ಗೌರವವೆಂದುಕೊಂಡಿದ್ದೆ. ಈಗಲೂ ಮಗನಿಗೆ ನನ್ನಿಂದ ಏನಾದರೂ ಆಗಬೇಕಿದ್ದರೆ ಅವನು ತಾಯಿಯ ಮೂಲಕವೇ ಕೇಳುತ್ತಾನೆ. ಕೊಟ್ಟ ಮಾತು ಉಳಿಸಿಕೊಂಡವನೂ ಒಬ್ಬ ಬೇರೆ ಮನುಷ್ಯನಾಗಿಬಿಡಬಹುದು ಎಂಬುದು ನಿನ್ನ ಸಾಲು ಓದಿದ ಮೇಲೆ ನನಗೆ ಮತ್ತೆ ಮತ್ತೆ ಅನ್ನಿಸುತ್ತಿದೆ.

ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದವು. ನಾನು ಗಂಟೆಗಳನ್ನು ಎಣಿಸಿದವನೇ ಅಲ್ಲ. ದೇಹ ಕೈಕೊಡಲಿಲ್ಲ, ಅದಕ್ಕೇ ಏನೋ, ಎಚ್ಚರವೂ ಆಗಲಿಲ್ಲ. ನಿನಗೆ ಮಾತ್ರ ಮೊದಲೇ ಹೆದರಿಕೆಯಾಗಿದೆ, ಅದನ್ನು ಯಾರೂ ಧೈರ್ಯ ಹೇಳಿ ಓಡಿಸದಿರಲಿ ಎಂಬುದೇ ನನ್ನ ಆಸೆ.

ಸಂಬಳ ತಡವಾಗುವಂತಿದ್ದರೆ ಕೆಲಸದವರಿಗೆ ಅದೇ ದಿನ ಹೇಳಬೇಡ, ಒಂದು ವಾರ ಮೊದಲೇ ಹೇಳಿಬಿಡು. ಅವರೂ ಯಾರಿಗೋ ಮಾತು ಕೊಟ್ಟಿರುತ್ತಾರೆ. ನಿನಗಾಗಿಯೂ ಒಂದು ಸಂಬಳ ಗೊತ್ತುಮಾಡಿಕೋ, ಚಿಕ್ಕದಾದರೂ ಸರಿ. ಅದಿಲ್ಲದಿದ್ದರೆ ಮನೆಖರ್ಚಿಗೂ ವ್ಯವಹಾರದ ಹಣಕ್ಕೂ ಗೋಡೆಯೇ ಇರುವುದಿಲ್ಲ. ನನ್ನ ಕಾಲದ ವ್ಯವಹಾರ ಬೇರೆ, ನಿನ್ನದು ಬೇರೆ, ಆದ್ದರಿಂದ ಒಗ್ಗದ್ದನ್ನು ಬಿಟ್ಟುಬಿಡು.

ಇನ್ನು ಆ ಸಾಲದ ವಿಷಯ. ಕಂಪನಿಯೆಂದು ನೋಂದಾಯಿಸಿದರೆ ಸಾಲ ಕಂಪನಿಗಷ್ಟೇ ಎಂದು ಬರೆದಿದ್ದೀಯೆ. ಬ್ಯಾಂಕು ವೈಯಕ್ತಿಕ ಖಾತರಿಗೆ ಸಹಿ ಕೇಳಿದರೆ ಆ ರಕ್ಷಣೆ ಅಷ್ಟರಮಟ್ಟಿಗೆ ಹೋಯಿತು. ಕಂಪನಿ ತೀರಿಸಲಾಗದ್ದನ್ನು ನಿನ್ನ ಸ್ವಂತ ಆಸ್ತಿಯಿಂದ ಕೇಳುವ ಹಕ್ಕು ಅವರಿಗೆ ಬರುತ್ತದೆ. ಮನೆಯನ್ನೇ ಪಣಕ್ಕಿಟ್ಟವರಿಗೆ ಗಿರಾಕಿಯ ಫೋನಿಗೆ ನಿಜ ಹೇಳುವುದು ಇನ್ನೂ ಕಷ್ಟ. ಸಹಿ ಹಾಕುವ ಮುನ್ನ ಆ ಖಾತರಿ ಪತ್ರದ ಒಂದು ಪ್ರತಿಯನ್ನು ನನಗೆ ಕಳುಹಿಸು, ಮನೆಯವರಿಗೂ ಓದಲು ಕೊಡು.

ನಿನ್ನ ದೊಡ್ಡಪ್ಪ